ಓನರಮ್ಮನ ಮಜ್ಜಿಗೆ ಪಂಚಾಯ್ತಿ

ಮೊಮ್ಮಗಳು ಹುಟ್ಟಿದ್ದಾಳೆ. ಇವತ್ತು ಬೆಳಗ್ಗೆ, ಸೊಸೆ ಕೆಲಸ ಮಾಡುವ ಆಸ್ಪತ್ರೆಯಲ್ಲೇ, ಅವಳ ಜೊತೆಯ ನರ್ಸುಗಳ ಕೈಯಲ್ಲೇ. ಮಗುವನ್ನು ನನ್ನ ತೋಳಿಗೆ ಕೊಟ್ಟಾಗ ಮೊದಲು ನೆನಪಾದದ್ದು ನಮ್ಮ ಬಾಡಿಗೆ ಮನೆಯ ಓನರಮ್ಮ.

ಮೂಗಿನ ಎರಡೂ ಬದಿಗೆ ಮೂಗುಬೊಟ್ಟು, ಓಲೆಯ ಭಾರಕ್ಕೆ ಸೀಳಿಹೋದ ಕಿವಿ, ರಾಗಿ ಬೀಸಿ ಗಟ್ಟಿಯಾದ ಮುಂಗೈ. ನಮ್ಮ ತಣಿಸಂದ್ರ ಬಡಾವಣೆ ಇನ್ನೂ ಹಳ್ಳಿಯಾಗಿದ್ದಾಗಿನ ಮನೆತನ. ಹೊಲದಲ್ಲಿ ಮನೆಗಳೆದ್ದು ಬಾಡಿಗೆಯವರು ತುಂಬಿಕೊಂಡರೂ ಅವರ ಒಂದು ಕಟ್ಟಳೆ ಬದಲಾಗಲಿಲ್ಲ. ಜಗಳ ತಂದವರು ಮೊದಲು ಮಜ್ಜಿಗೆ ಕುಡಿಯಬೇಕು, ಆಮೇಲೆ ಬಾಯಿ ಬಿಡಬೇಕು. "ಒಟ್ಟೆ ತಣ್ಣಗಿದ್ರೆ ಮಾತು ನೆಟ್ಟಗ್ ಬರ್ತದೆ" ಎನ್ನುತ್ತಿದ್ದರು.

ಕೊರೋನಾ ಬಂದಾಗ ಸೊಸೆ ನಮ್ಮ ಮನೆಗೆ ಹೊಸಬಳು. ಡ್ಯೂಟಿ ಮುಗಿಸಿ ಬಂದವಳು ಗೇಟಿನ ಹೊರಗೇ, ಬೇವಿನ ಸೊಪ್ಪು ಹಾಕಿದ ಬಿಸಿನೀರಲ್ಲಿ ಕೈಕಾಲು ತೊಳೆದು ಒಳಗೆ ಬರುತ್ತಿದ್ದಳು. ಬೀದಿಯವರಿಗೆ ಅಷ್ಟೇ ಸಾಕಾಯಿತು. ಹೊರಗೆ ನೀರಿಡುವುದು ಸಾವಾದಾಗ ಅಲ್ಲವೇ? "ನರ್ಸಮ್ಮ ರೋಗ ತಂದವ್ಳೆ, ಆ ಮನೇಲಿ ಹೆಣ ಬಿದ್ದದೆ, ಮುಚ್ಚಿಟ್ಟವ್ರೆ" ಎಂದು ಮೊಬೈಲಿನಿಂದ ಮೊಬೈಲಿಗೆ ಸುದ್ದಿ ಹಾರಿತು. ಅವಳು ಕೆಲಸ ಬಿಡಬೇಕು, ಇಲ್ಲವೇ ನಾವು ಮನೆ ಖಾಲಿ ಮಾಡಬೇಕು ಎಂದು ಎಲ್ಲರೂ ಓನರಮ್ಮನ ಬಾಗಿಲಿಗೆ ಬಂದರು. ಸೊಸೆ ಒಳಗೆ ಅಳುತ್ತಾ ಬಟ್ಟೆ ಗಂಟು ಕಟ್ಟತೊಡಗಿದಳು.

"ಅವರವರ ಲೋಟ ತಗೊಂಬನ್ನಿ, ದೂರ ದೂರ ಕೂತ್ಕಳಿ" ಎಂದು ಓನರಮ್ಮ ಚೆಂಬು ಮೇಲೆತ್ತಿ ಎಲ್ಲರಿಗೂ ಮಜ್ಜಿಗೆ ಸುರಿದರು. ಮಂಕಿ ಟೋಪಿ, ಮಾಸ್ಕು ಹಾಕಿಕೊಂಡು ಅವಮಾನಕ್ಕೆ ಹಿಂದೆ ಗೋಡೆ ಕಡೆ ತಿರುಗಿ ಕೂತಿದ್ದ ನನಗೂ ಸುರಿದರು.

ಮಾತು ಶುರುವಾಯಿತು. ಒಬ್ಬ ರೋಗ ಬಾವಲಿಯಿಂದ ಬಂತು ಎಂದ. ಇನ್ನೊಬ್ಬ, ಲ್ಯಾಬಿನಲ್ಲಿ ಮಾಡಿ ಬಿಟ್ಟದ್ದು ಎಂದ. ಟೈಲರ್ "ಎಲ್ಲಾ ಮೊಬೈಲ್ ಟವರಿಂದಾನೇ" ಎನ್ನುವಷ್ಟರಲ್ಲಿ ಅವನ ಹೆಂಡತಿ ತಿವಿದಳು. "ಸುಮ್ನಿರ್ರೀ, ಟವರ್ ಇರೋದು ಈ ಅಮ್ಮೋರ ಮಹಡಿ ಮೇಲೇನೇ."

ಓನರಮ್ಮನಿಗೆ ಕೇಳಿಸಿತು. "ಯಾಕಮ್ಮ ಅವನ ಬಾಯಿ ಮುಚ್ಚಿಸ್ತೀಯ? ಯೋಳ್ಲಿ. ರೋಗ ಎಲ್ಲಿಂದ ಬಂತೋ ನಂಗೂ ಗೊತ್ತಿಲ್ಲ, ಓದಿರೋರು ಹುಡುಕ್ಲಿ. ಹೆಣದ ವಿಚಾರ ನಮ್ಮ ಬೀದೀದು. ಕಂಡೋರು ಯಾರು?"

ಟೈಲರ್ ಹಾಲಿನವನ ಕಡೆ ಕೈ ತೋರಿಸಿದ, ಹಾಲಿನವನು ಎದುರುಮನೆಯಾಕೆಯ ಕಡೆ. ಆಕೆ ತಲೆ ತಗ್ಗಿಸಿದಳು. "ಹೊರಗೆ ನೀರಿನ ಬಕೆಟ್ ಕಂಡೆ ಕಣಮ್ಮ. ಆ ಮನೆ ತಾತನೂ ಈಚೆಗೆ ಕಾಣ್ಲಿಲ್ಲ. ಅದಕ್ಕೇ..."

ಸತ್ತವನು ನಾನು ಎಂದು ನನಗೆ ಆಗ ತಿಳಿಯಿತು. ಮಂಡಿನೋವು ಅಂತ ಮಲಗಿದ್ದೆ, ಅಷ್ಟೇ. ಟೋಪಿ ತೆಗೆದು, ಮಾಸ್ಕು ಇಳಿಸಿ, ಖಾಲಿ ಲೋಟ ಮುಂದೆ ಚಾಚಿದೆ.

"ನೋಡ್ರಪ್ಪ," ಎಂದರು ಓನರಮ್ಮ, "ಹೆಣ ಇನ್ನೊಂದು ಲೋಟ ಕೇಳ್ತಾ ಅದೆ."

ನಕ್ಕು ನಕ್ಕು ಟೈಲರನ ಹೆಂಡತಿಗೆ ಮಜ್ಜಿಗೆ ನೆತ್ತಿಗೇರಿತು. ನಗು ತಣ್ಣಗಾದ ಮೇಲೆ ಓನರಮ್ಮ ಮೆಲ್ಲಗೆ ಹೇಳಿದರು: "ಮಾತಾಡ್ಬೇಡಿ ಅನ್ನಲ್ಲ. ಇಂಗೆ ಎದುರಿಗೆ ಕೂತು ಮಾತಾಡಿ. ಆ ಮಗು ರೋಗಿಗಳ ಸೇವೆ ಮಾಡಿ ಬತ್ತಾಳೆ, ಅವಳು ಎಲ್ಲಿಗೂ ಓಗಲ್ಲ."

ಎದುರುಮನೆಯಾಕೆ ಆಗಲೇ ಮೊಬೈಲಿನಲ್ಲಿ "ತಾತ ಬದುಕವ್ರೆ" ಎಂದು ಎಲ್ಲರಿಗೂ ಕಳಿಸಿದಳು. ಮಾರನೆಯ ದಿನದಿಂದ ಬೇವಿನ ಸೊಪ್ಪು ಅವಳ ಮನೆಯಿಂದಲೇ ಬಂತು. ಸೊಸೆ ಗಂಟು ಬಿಚ್ಚಿದಳು.

ಹೋದ ವರ್ಷ ಓನರಮ್ಮ ನಿದ್ದೆಯಲ್ಲೇ ಹೋದರು. ಕೊನೆಗಾಲದಲ್ಲಿ ಅವರಿಗೆ ತಲೆ ಬಾಚಿದ್ದು, ಗಂಜಿ ಕುಡಿಸಿದ್ದು ನನ್ನ ಸೊಸೆಯೇ.

ಈ ಸಂಜೆ ಆಸ್ಪತ್ರೆಯ ಕೋಣೆಯಲ್ಲಿ ಮಂಚದ ಸುತ್ತ ನಾವೆಲ್ಲ ಊಟಕ್ಕೆ ಕೂತೆವು. ನಮಗೆ ಮುದ್ದೆ, ಅವರೆಕಾಳಿನ ಸಾರು, ಪಾಯಸ. ಬಾಣಂತಿಗೆ ಮೆಣಸಿನ ಸಾರು, ಅನ್ನ. ಮಗು ಅವಳ ಪಕ್ಕ ಮಲಗಿತ್ತು. ತುತ್ತು ಕಲಸುತ್ತಾ ಸೊಸೆ ಅಂದಳು, "ಮಾವ, ಅವರಿದ್ದಿದ್ರೆ ನನಗಿಂತ ಮೊದ್ಲು ಇವಳನ್ನ ಅವರೇ ಎತ್ಕೊಂಡಿರೋರು."

ಯಾರು ಎಂದು ಯಾರೂ ಕೇಳಲಿಲ್ಲ. ನನ್ನ ಹೆಂಡತಿ ಅವಳ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿದಳು.