ದಾರಕ್ಕೆ ಏರಿದ ಹುರಿ

ಆ ಶುಕ್ರವಾರ ಬೆಳಿಗ್ಗೆ ನವಿಲುತೀರ್ಥದ ಹಿನ್ನೀರಿನ ದಂಡೆಯಲ್ಲಿ ನಮ್ಮ ಮನೆಯವರು ಮೂರನೆಯ ಸಲ ಗಾಳ ಬೀಸಿದಾಗಲೂ ರೀಲಿನಿಂದ ದಾರ ನೇರವಾಗಿ ಹೊರಡಲಿಲ್ಲ. ಸುರುಳಿ ಸುರುಳಿಯಾಗಿ ಹಾರಿ, ಒಂದರ ಮೇಲೊಂದು ಬಿದ್ದು, ಕೋಲಿನ ಮೊದಲ ಉಂಗುರದ ಹತ್ತಿರ ಗುಬ್ಬಿಗೂಡಿನಂತೆ ಗಂಟಾಯಿತು. ಗಾಳದ ಸೀಸದ ಗುಂಡು ದಂಡೆಯಿಂದ ನಾಲ್ಕು ಮಾರಿನಲ್ಲೇ ಬಿದ್ದುಬಿಟ್ಟಿತು.

ಅವರು ಎಡಗೈಯನ್ನು ರೀಲಿನ ಹಿಡಿಕೆಯಿಂದ ತೆಗೆದು ಬೆರಳುಗಳನ್ನು ಒಮ್ಮೆ ನೋಡಿಕೊಂಡರು. ಬೈದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಇಪ್ಪತ್ತೆರಡು ವರ್ಷ ಬಸ್ಸಿನ ಗೇರು ಬದಲಿಸಿದ ಕೈ ಅದು. ಸವದತ್ತಿಯಿಂದ ಬೈಲಹೊಂಗಲ, ರಾಮದುರ್ಗ, ಒಮ್ಮೊಮ್ಮೆ ಕಿತ್ತೂರು. ದೀಪಾವಳಿಗೆ ಎಂಟು ದಿನ ಇರುವಾಗ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿದಾಗ ಎಲುಬೇನೋ ಕೂಡಿತ್ತು, ಬೆರಳು ಮಾತ್ರ ಮಾತು ಕೇಳುತ್ತಿರಲಿಲ್ಲ. ಮುಷ್ಟಿ ಕಟ್ಟಲು ಹೋದರೆ ಅರ್ಧಕ್ಕೇ ನಿಲ್ಲುತ್ತಿದ್ದವು. ಮತ್ತೆ ಬಸ್ಸು ಓಡಿಸಬಹುದೇ ಎಂದು ನೋಡಲು ಸೋಮವಾರ ಬೆಳಗಾವಿಯಲ್ಲಿ ವೈದ್ಯಕೀಯ ತಪಾಸಣೆ ಇತ್ತು. ಅದಕ್ಕೆ ಹೋಗಲು ಮನಸ್ಸಿಲ್ಲದಿದ್ದರೆ ಇನ್ನೊಂದು ದಾರಿಯೂ ಇತ್ತು: ಇನ್ನು ಬಸ್ಸು ಓಡಿಸುವುದಿಲ್ಲ, ಡಿಪೋದ ಒಳಗಿನ ಕೆಲಸ ಕೊಡಿ ಎಂದು ಶನಿವಾರದೊಳಗೆ ಅರ್ಜಿ ಕೊಡುವುದು. ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯುವ ಹಾಗಿರಲಿಲ್ಲ. ಅರ್ಜಿ ತುಂಬಿ ಕಪಾಟಿನಲ್ಲಿ ಇಟ್ಟಾಗಿತ್ತು, ಸಹಿ ಮಾತ್ರ ಬಾಕಿ.

ಸ್ವಲ್ಪ ದೂರದಲ್ಲಿ ಬಲೆ ಒಣಹಾಕುತ್ತಿದ್ದ ಮೀನುಗಾರ ಕಾಕಾ ನಮ್ಮ ಅವಸ್ಥೆಯನ್ನು ನೋಡುತ್ತಲೇ ಇದ್ದರು.

“ಡ್ರೈವರ್ ಸಾಹೇಬ್ರ, ಆ ಮಷೀನು ಮೀನಾ ಹಿಡೀತೈತೋ, ನಿಮ್ಮನ್ನ ಹಿಡೀತೈತೋ?”

“ಮಷೀನ್ ಚಲೋ ಐತಿ ಕಾಕಾ. ಕೈ ಕೆಟ್ಟೈತಿ,” ಅಂದರು ಇವರು. ಆಮೇಲೆ ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದರು: “ಒಂದು ದಾರ ನೆಟ್ಟಗ ಸುತ್ತಾಕ ಬರವಲ್ದು. ಐವತ್ತು ಮಂದಿ ಜೀವ ಈ ಕೈಯಾಗ ಹೆಂಗ ಹಿಡೀಲಿ? ಮನಿಗೆ ಹೋದಕೂಡ್ಲೆ ಸಹಿ ಮಾಡತೇನಿ.”

ನಾನು ಗಂಟು ಬಿಡಿಸಲು ಕೂತೆ. ಮಾತಾಡುವುದಕ್ಕಿಂತ ಅದು ಸುಲಭವಾಗಿತ್ತು. ಗಂಟನ್ನು ಎಳೆಯಬಾರದು, ಎಳೆದಷ್ಟೂ ಬಿಗಿಯುತ್ತದೆ. ಸಡಿಲ ಬಿಟ್ಟು, ದೊಡ್ಡ ಕುಣಿಕೆ ಯಾವುದೆಂದು ಹುಡುಕಿ, ಅದನ್ನು ಇನ್ನೂ ದೊಡ್ಡದು ಮಾಡುತ್ತ ಹೋಗಬೇಕು. ಕಾಲು ಗಂಟೆಗೆ ಗಂಟು ಬಿಟ್ಟಿತು. ಬಿಟ್ಟ ದಾರವನ್ನು ಎರಡೂ ಕೈಯಲ್ಲಿ ಹಿಡಿದು, ರೂಢಿಯಂತೆ ಕೈಗಳನ್ನು ಹತ್ತಿರ ತಂದೆ. ಜೋತುಬಿದ್ದ ದಾರ ಸುಮ್ಮನೆ ಜೋತಾಡಲಿಲ್ಲ. ಬುಗುರಿಯ ಹಾಗೆ ತಿರುಗಿ ತನಗೆ ತಾನೇ ಹೆಣೆದುಕೊಂಡಿತು.

ನನ್ನ ತವರು ರಾಮದುರ್ಗ, ಮನೆಯಲ್ಲಿ ಕೈಮಗ್ಗ ಇತ್ತು. ನೂಲು ಬಂದಾಗ ಅವ್ವ ಹೀಗೆಯೇ ಎರಡು ಕೈ ನಡುವೆ ಎಳೆ ಜೋತುಬಿಟ್ಟು ನೋಡುತ್ತಿದ್ದಳು. ಎಳೆ ಹೆಣೆದುಕೊಂಡರೆ “ಹುರಿ ಹೆಚ್ಚಾಗೇತಿ” ಎಂದು ಅದನ್ನು ಬದಿಗೆ ಇಡುತ್ತಿದ್ದಳು. ಈ ದಾರಕ್ಕೆ ಅಷ್ಟು ಹುರಿ ಎಲ್ಲಿಂದ ಬಂತೆಂದು ಕೇಳಿಕೊಳ್ಳುವ ಮೊದಲೇ ಉತ್ತರ ತಿಳಿದಿತ್ತು. ಹಾಕಿದವಳು ನಾನೇ.

ಬೆರಳಿಗೆ ಕೆಲಸ ಕೊಡಿ, ಏನಾದರೂ ತಿರುಗಿಸುತ್ತಿರಲಿ ಎಂದು ಡಾಕ್ಟರು ಹೇಳಿದ್ದರು. ಇವರ ಹಳೆಯ ಕಂಡಕ್ಟರ್ ಗೆಳೆಯರೊಬ್ಬರು ಈ ಕೋಲು, ರೀಲು ತಂದುಕೊಟ್ಟರು. ಆದರೆ ದಿನವೂ ಹಿನ್ನೀರಿಗೆ ಬರಲಾಗದು. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ದಾರದ ತುದಿಯನ್ನು ಹಿತ್ತಲ ಬೇವಿನ ಗಿಡಕ್ಕೆ ಕಟ್ಟಿ, ಇವರನ್ನು ಹಿತ್ತಲಿನ ಇನ್ನೊಂದು ತುದಿಯ ಕಟ್ಟೆಯ ಮೇಲೆ ಕೂಡಿಸಿ, ಹಿಡಿಕೆ ತಿರುಗಿಸಲು ಹೇಳಿದೆ. ಗಿಡ ಎಳೆದರೆ ಬರುವುದಿಲ್ಲವಲ್ಲ, ದಾರ ಹರಿದೀತು. ರೀಲಿನ ತಲೆಯ ಮೇಲೆ ಒಂದು ತಿರುಪು ಇದೆ. ದೊಡ್ಡ ಮೀನು ಜಗ್ಗಿದರೆ ದಾರ ಹರಿಯದಿರಲೆಂದು ಅದನ್ನು ಸಡಿಲ ಮಾಡುತ್ತಾರೆ. ನಾನೂ ಸಡಿಲ ಮಾಡಿದೆ. ಹಿಡಿಕೆ ತಿರುಗಿದಂತೆಲ್ಲ ದಾರದ ಉರುಳೆ ಕರ್ರ್ ಎಂದು ಜಾರುತ್ತಿತ್ತು, ದಾರ ಒಳಗೆ ಬರದೆ ಇದ್ದಲ್ಲೇ ಇರುತ್ತಿತ್ತು. ಇವರು ಆಗಲೇ ಕೇಳಿದ್ದರು: “ದಾರಕ್ಕ ಏನೂ ಆಗೂದಿಲ್ಲೇನ?”

“ನೇಕಾರ ಮನಿ ಮಗಳಿಗೆ ದಾರದ್ದು ಹೇಳಬ್ಯಾಡ್ರಿ,” ಅಂದಿದ್ದೆ.

ಒಂದು ತುದಿ ಕಟ್ಟಿ ಇನ್ನೊಂದು ತುದಿ ತಿರುಗಿಸಿದರೆ ಹಗ್ಗ ಹುರಿಗೊಳ್ಳುತ್ತದೆಂದು ಸಣ್ಣ ಮಕ್ಕಳಿಗೂ ಗೊತ್ತು. ನಾನು ದಿನವೂ ಪಕ್ಕದಲ್ಲಿ ನಿಂತು ಎಣಿಸಿ ಹುರಿ ಹಾಕಿಸಿದ್ದೆ. ದಾರ ಬಿಗಿಯಾಗಿದ್ದಾಗ ತನ್ನ ಹುರಿ ತೋರಿಸುವುದಿಲ್ಲ. ಬಿಗಿಯಾಗಿಯೇ ಸುತ್ತಿ ಇಡುತ್ತಿದ್ದೆ.

ಹೇಳಬೇಕು. ಹೇಳದಿದ್ದರೆ ಸಂಜೆಗೆ ಸಹಿ ಬೀಳುತ್ತದೆ. ಇವರು ಆಗಲೇ ಕೋಲು ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದರು.

“ತಪ್ಪು ಕೈಯದಲ್ಲರೀ,” ಅಂದೆ. “ನಂದು.”

ಬೇವಿನ ಗಿಡದ ವಿಷಯವನ್ನೆಲ್ಲ ಹೇಳಿದೆ. ಅವರು ಚೀಲದಿಂದ ರೀಲು ಹೊರತೆಗೆದು ಹಿಡಿಕೆಯನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ ನೋಡಿದರು. ದಾರ ಸುತ್ತುವ ತಂತಿಯ ಬಳೆ ಐದು ಸಲ ತಿರುಗಿತು, ಅಂದರೆ ದಾರಕ್ಕೆ ಐದು ಹುರಿ.

“ದಿನಾ ಎಷ್ಟು ತಿರುಗಿಸಿದ್ನಿ?”

“ಇಪ್ಪತ್ತು. ಹತ್ತು ದಿನ.”

“ಸಾವಿರ ಹುರಿ. ಇನ್ನ ನಾಕು ದಿನ ಬಿಟ್ಟಿದ್ರ ಎತ್ತಿಗೆ ಕಟ್ಟಾಕ ಬರ್ತಿತ್ತು.” ನಕ್ಕರೇನೋ ಅಂದುಕೊಂಡೆ. ನಗಲಿಲ್ಲ. “ನೋಡು, ನನ್ನ ಸಮಾಧಾನಕ್ಕ ಕತಿ ಕಟ್ಟಬ್ಯಾಡ. ಸಣ್ಣ ಹುಡುಗ ಅಲ್ಲ ನಾ.”

ಇದನ್ನು ನಾನು ಎಣಿಸಿರಲಿಲ್ಲ. ನಿಜ ಹೇಳಿದರೂ ಅದು ಕರುಣೆಯಂತೆ ಕೇಳಿಸಿತ್ತು.

ಕಾಕಾ ಎದ್ದು ಬಂದು ದಾರವನ್ನು ತಾವೂ ಜೋತುಬಿಟ್ಟು ನೋಡಿದರು. “ತಂಗಿ ಹೇಳೂದು ಖರೆ ಐತಿ. ಹುರಿ ಏರೇತಿ. ನಿಂತ ನೀರಾಗ ಬಿಡೂದಿಲ್ಲ ಇದು. ಕಾಲುವಿಗೆ ಹೋಗ್ರಿ. ಗಾಳ, ಗುಂಡು ಎಲ್ಲಾ ಕತ್ತರಿಸಿ ಬರೇ ದಾರ ಹರಿಯೋ ನೀರಿಗೆ ಬಿಡ್ರಿ. ತುದಿಗೆ ಏನೂ ಇರಬಾರದು, ಅಂದ್ರ ಹುರಿ ತಾನ ಬಿಚ್ಚತೈತಿ.”

“ಅದರಿಂದ ಸರಿ ಆದ್ರ?” ಇವರು ನನ್ನನ್ನೇ ನೋಡುತ್ತ ಕೇಳಿದರು.

“ಸರಿ ಆದ್ರ ಸೋಮವಾರ ಬೆಳಗಾವಿಗೆ ಹೋಗೂದು,” ಅಂದೆ. “ಆಮ್ಯಾಲೂ ಗಂಟು ಬಿದ್ರ ಸಹಿ ಮಾಡ್ರಿ. ನಾ ಒಂದು ಮಾತು ಆಡೂದಿಲ್ಲ.”

ಆಡಿದ ಮೇಲೆ ಯೋಚನೆ ಬಂತು: ಅರ್ಧ ತಪ್ಪು ನಿಜವಾಗಿಯೂ ಕೈಯದೇ ಇದ್ದರೆ?

ಸ್ಕೂಟಿ ನಾನೇ ಓಡಿಸಿದೆ. ಕಾಲುವೆಯ ಸಣ್ಣ ಸೇತುವೆಯ ಹತ್ತಿರ ನೀರು ಜೋರಾಗಿ ಹರಿಯುತ್ತಿತ್ತು. ಗಾಳ ಕತ್ತರಿಸಿ ಚೀಲದಲ್ಲಿ ಹಾಕಿದೆ. ಅವರು ತಂತಿಯ ಬಳೆ ಎತ್ತಿದರು. ಬರಿಯ ದಾರ ನೀರಿನ ಜೊತೆ ಹೋಯಿತು, ನಲವತ್ತು ಮಾರು, ಐವತ್ತು ಮಾರು. ಬಳೆ ಮುಚ್ಚಿ, ಕೋಲನ್ನು ನೀರಿನ ಸಮಕ್ಕೆ ಹಿಡಿದು ನಿಂತರು. ಐದು ನಿಮಿಷ ಹಾಗೇ ಬಿಟ್ಟೆವು. ನಾನು ಕೋಲಿನ ತುದಿಯ ಹತ್ತಿರ ದಾರವನ್ನು ಎರಡು ಬೆರಳ ನಡುವೆ ಹಗುರವಾಗಿ ಹಿಡಿದೆ. ಚರ್ಮದ ಮೇಲೆ ಇರುವೆ ಹರಿದಂತಾಯಿತು. ದಾರ ತಿರುಗುತ್ತಿತ್ತು.

“ಎಡಗೈ ತರ್ರಿ,” ಅಂದೆ.

ಅವರ ಕೈ ಹಿಡಿದು ಹೆಬ್ಬೆರಳು, ತೋರುಬೆರಳ ನಡುವೆ ದಾರ ಇಟ್ಟೆ. ತುಂಬ ಹೊತ್ತು ಅವರು ಏನೂ ಅನ್ನಲಿಲ್ಲ. ಆ ಬೆರಳಿಗೆ ಸ್ಪರ್ಶವೇ ಇಲ್ಲವೇನೋ ಎಂದು ನನಗೆ ಅನುಮಾನ ಬಂತು. ಇಷ್ಟು ದಿನ ನಾನು ಅದನ್ನು ಕೇಳಿಯೇ ಇರಲಿಲ್ಲ.

“ತಿರಗಾಕತ್ತೈತಿ,” ಅಂದರು. ಮತ್ತೆ ಸ್ವಲ್ಪ ಹೊತ್ತಿಗೆ, “ಈಗ ಕಡಿಮಿ ಆಗಾಕತ್ತೈತಿ.” ಮತ್ತೂ ಸ್ವಲ್ಪ ಹೊತ್ತಿಗೆ, “ನಿಂತೈತಿ.”

ನನ್ನ ಬೆರಳಿಗೆ ಅದು ನಿಂತದ್ದು ತಿಳಿಯುವ ಮೊದಲೇ ಅವರ ಬೆರಳಿಗೆ ತಿಳಿದಿತ್ತು.

ರೀಲಿನ ತಲೆಯ ತಿರುಪು ಬಿಗಿ ಮಾಡಿ, ಒದ್ದೆ ಬಟ್ಟೆಯಲ್ಲಿ ನಾನು ದಾರ ಹಿಡಿದು, ಅವರು ನಿಧಾನವಾಗಿ ಸುತ್ತಿದರು. ಉರುಳೆಯ ಅಂಚಿಗೆ ಎರಡು ಕಾಳಿನಷ್ಟು ಜಾಗ ಬಿಟ್ಟೆವು, ತುಂಬಿ ತುಳುಕಿದರೂ ದಾರ ಹಾರುತ್ತದಂತೆ. ಮತ್ತೆ ಹಿನ್ನೀರಿಗೆ ಬಂದು ಗಾಳ ಕಟ್ಟುವಾಗ ಕಾಕಾ ತಮ್ಮ ಡಬ್ಬಿಯಿಂದ ತಾನೇ ಗಿರಗಿರ ತಿರುಗುವ ಸಣ್ಣ ಹಿತ್ತಾಳೆ ಕೊಂಡಿ ಕೊಟ್ಟರು. ಗಾಳ ತಿರುಗಿದರೂ ದಾರ ತಿರುಗದಿರಲೆಂದು.

ಅವರು ಬೀಸಿದರು. ನಾನು ನೋಡಲಿಲ್ಲ, ಕೇಳಿದೆ: ಸಣ್ಣಗೆ ಸುಂಯ್ ಎಂದು ದಾರ ಹೋದ ಸದ್ದು, ದೂರದಲ್ಲಿ ಗುಂಡು ಬಿದ್ದ ಸದ್ದು. ಹಿಡಿಕೆ ತಿರುಗಿಸಿ ಬಳೆ ಮುಚ್ಚುವ ಬದಲು ಅವರು ಎಡಗೈಯಿಂದಲೇ ಅದನ್ನು ಮುಚ್ಚಿ, ಸಡಿಲ ದಾರವನ್ನು ಬೆರಳಿಂದ ಜಗ್ಗಿಕೊಂಡರು. ಹಾಗೆ ಹದಿಮೂರು ಸಲ ಬೀಸಿದರು. ಒಮ್ಮೆಯೂ ಗಂಟು ಬೀಳಲಿಲ್ಲ. ಮೀನೂ ಬೀಳಲಿಲ್ಲ. ಆ ದಿನ ಮನೆಯಲ್ಲಿ ಬದನೆಕಾಯಿ ಪಲ್ಯ.

ಸೋಮವಾರ ಬೆಳಗಾವಿಯಲ್ಲಿ ಡಾಕ್ಟರು ಮುಷ್ಟಿ ಕಟ್ಟಿಸಿದರು, ಸ್ಪ್ರಿಂಗಿನ ಒಂದು ಹಿಡಿ ಒತ್ತಿಸಿದರು, ಕಣ್ಣು ಮುಚ್ಚಿಸಿ ಬೆರಳಿಗೆ ಹತ್ತಿ ತಾಗಿಸಿದರು. ಬಲ ಇನ್ನೂ ಸಾಲದು, ಒಂದೂವರೆ ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದು ಬರೆದುಕೊಟ್ಟರು. ನನ್ನ ಮುಖ ಇಳಿದಿರಬೇಕು. ಇವರು ಕಾಗದವನ್ನು ಎರಡು ಸಲ ಓದಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು.

ಊರಿಗೆ ಮರಳುವ ಬಸ್ಸಿನಲ್ಲಿ ಡ್ರೈವರು ಪರಿಚಯದವರೇ. “ಏನಾತ್ರಿ ಅಣ್ಣಾರ?” ಎಂದು ಕೇಳಿದರು.

“ಒಂದೂವರಿ ತಿಂಗಳಾ ಅಂದಾರ,” ಅಂದರು ಇವರು. “ಅಲ್ಲಿತನಕ ನನ್ನ ಗಾಡಿ ಗೇರ್ ಕೆಡಿಸಬ್ಯಾಡ್ರಿ.”