ಮೂರನೆಯ ಸಲದ ಬೂಜು

ಬೂಜು ಬರಲಿ ಎಂದು ಕಾಯುವ ಜನರನ್ನು ನಾನು ಮೊದಲು ಕಂಡದ್ದು ಬಳ್ಳಾರಿಯಲ್ಲಿ. ಕುರುಗೋಡಿನ ನನ್ನ ಹಿರಿಮಗಳ ಮಗಳು ವೇಣಿ ಒಂದು ಸಂಜೆ ಲ್ಯಾಬಿನಿಂದ ಬಂದವಳೇ, “ಅಜ್ಜಿ, ಬೂಜು ಎಷ್ಟ್ ಚಂದ ಬಂದೈತಿ ಗೊತ್ತೇನು?” ಎಂದಳು.

“ಬೂಜು ಬಂದ್ರ ಚೆಲ್ತಾರವ್ವ. ಚಂದ ನೋಡ್ತಾರೇನು?”

“ಇದು ನಿನ್ನ ಉಪ್ಪಿನಕಾಯಿ ಬೂಜಲ್ಲ. ನನಗ ಸರ್ಟಿಫಿಕೇಟ್ ಕೊಡ್ಸೋ ಬೂಜು.”

ಮಕ್ಕಳೇ, ಬಳ್ಳಾರಿಯಲ್ಲಿ ಅಜ್ಜಿ ಏನು ಮಾಡುತ್ತಿದ್ದಳು ಎಂದು ನೀವು ಕೇಳುತ್ತಲೇ ಇರುತ್ತೀರಿ. ನಾಲ್ಕು ಜನ ಕೂತರೆ ನನಗೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ವೇಣಿಯ ಓದಿನ ಕೊನೆಗೆ ಇಂಟರ್ನ್‌ಶಿಪ್ ಎಂಬುದೊಂದಿತ್ತು. ಲ್ಯಾಬಿನಲ್ಲಿ ಕೆಲವು ತಿಂಗಳು ಇದ್ದು ಕೆಲಸ ಕಲಿಯುವುದು. ಭತ್ತದ ಬೀಜಕ್ಕೆ ಹತ್ತುವ ಬೂಜನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಿ, ಯಾವ ಔಷಧಿಗೆ ಅದು ನಿಲ್ಲುತ್ತದೆ ಎಂದು ನೋಡುವುದು ಅವಳ ಪಾಲಿನ ಕೆಲಸ. ಹೊತ್ತಲ್ಲದ ಹೊತ್ತಿಗೆ ಹೋಗಬೇಕು, ಬರಬೇಕು. ಹುಡುಗಿಯನ್ನು ಒಬ್ಬಳನ್ನೇ ಬಾಡಿಗೆ ಕೋಣೆಯಲ್ಲಿ ಬಿಡಲು ಅವಳ ಅಪ್ಪ ಒಪ್ಪಲಿಲ್ಲ. ಹಾಗಾಗಿ, ಮದುವೆಯಾಗಿ ಬಂದ ಮೇಲೆ ತೆಕ್ಕಲಕೋಟೆ ಬಿಟ್ಟು ಎಲ್ಲೂ ಇರದಿದ್ದ ನಾನು ಮಹಡಿಯ ಮೇಲಿನ ಒಂದು ಕೋಣೆಗೆ ಬಂದೆ.

ನಮ್ಮೂರಲ್ಲಿ ಬಾಗಿಲು ತೆಗೆದರೆ ಕಾಲುವೆ ನೀರು ನಿಂತ ಗದ್ದೆ. ಇಲ್ಲಿ ಬಾಗಿಲು ತೆಗೆದರೆ ಎದುರು ಮನೆಯ ಗೋಡೆ, ನೀರಿನ ಟ್ಯಾಂಕುಗಳ ಸಂದಿಯಲ್ಲಿ ಕೋಟೆ ಗುಡ್ಡದ ಒಂದು ಚೂರು. ಅಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳದಿದ್ದರೆ ಆ ಮನೆಯಲ್ಲಿ ಯಾರಿಗೋ ಆರಾಮಿಲ್ಲ ಎಂದುಕೊಳ್ಳುತ್ತೇವೆ. ಇಲ್ಲಿ ಮೊದಲ ದಿನ ರೊಟ್ಟಿ ಬಡಿದಾಗ ಕೆಳಗಿನಿಂದ ಮನೆಯೊಡತಿ ಏರಿ ಬಂದರು. “ಏಂ ಪೆದ್ದಮ್ಮಾ, ಮನಿ ಕೆಡವಾಕ ಯಾರನ್ನ ಕರ್ಸೀರಿ?” ಪೆದ್ದಮ್ಮ ಎಂದರೆ ತೆಲುಗಿನಲ್ಲಿ ದೊಡ್ಡಮ್ಮ. ನಾಚಿ ಒಂದು ರೊಟ್ಟಿ ಕೈಗಿಟ್ಟೆ. ಮರುದಿನ ಸದ್ದು ಕೇಳಿ ಆಕೆಯೇ ತಟ್ಟೆ ಹಿಡಿದು ಬಂದರು. ಆ ಊರಿನಲ್ಲಿ ನಾನು ಗೆದ್ದದ್ದು ಅಷ್ಟೇ. ಉಳಿದ ಹೊತ್ತು ಕೂತಲ್ಲಿ ಕೂರಲಾಗದೆ, ಇದ್ದೊಂದು ಕೋಣೆಯನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದೆ.

ಸಿರುಗುಪ್ಪಕ್ಕೆ ಕೊಟ್ಟ ಕಿರಿಮಗಳು ಮಂಜುಳಾ ತುಂಬು ಬಸುರಿ. ಹೆರಿಗೆಗೆಂದು ತವರಿಗೆ ಬಂದು ಕುಳಿತಿದ್ದಳು. ತೆಕ್ಕಲಕೋಟೆಯ ಮನೆಯಲ್ಲಿ ನನ್ನ ಸೊಸೆ ಇದ್ದಳು, ತಾಯಿಯೇ ಇಲ್ಲ. “ನೀ ಬರೋತನಕ ನಾ ತಡಕೊಂತೀನಿ ಬಿಡವ್ವ,” ಎಂದು ಫೋನಿನಲ್ಲಿ ನಗುತ್ತಿದ್ದಳು. ದಸರೆಯಾದ ವಾರಕ್ಕೆ ವೇಣಿಯ ಕೆಲಸ ಮುಗಿಯುವುದಿತ್ತು. ನಾನು ಗಂಟು ಕಟ್ಟಿಟ್ಟಿದ್ದೆ.

ಆಯುಧ ಪೂಜೆಗೆ ಲ್ಯಾಬಿನ ಹುಡುಗರು ಯಂತ್ರಗಳಿಗೆಲ್ಲ ಕುಂಕುಮ ಹಚ್ಚಿ ಹೂವು ಏರಿಸಿದರಂತೆ. ತಟ್ಟೆಗಳನ್ನು ಒಂದೇ ಹದದ ಬಿಸಿಯಲ್ಲಿ ಇಡುವ ಪೆಟ್ಟಿಗೆಯೊಂದಿದೆ. ಅದಕ್ಕೆ ವೇಣಿ ಚೆಂಡು ಹೂವಿನ ಮಾಲೆ ಕಟ್ಟಿದಳು. ಮಾಲೆಯ ತುದಿ ಬಾಗಿಲಿಗೆ ಸಿಕ್ಕಿಕೊಂಡದ್ದನ್ನು ನೋಡಲಿಲ್ಲ. ರಜೆ ಮುಗಿಸಿ ಹೋದರೆ ಬಾಗಿಲು ಓರೆಯಾಗಿತ್ತು, ತಟ್ಟೆಗಳಲ್ಲಿದ್ದದ್ದೆಲ್ಲ ಒಣಗಿ ಬಿರಿದಿತ್ತು. ಮೂರು ಸಲ ಒಂದೇ ಥರ ಬಂದರೆ ಮಾತ್ರ ನಂಬುವುದು ಅಲ್ಲಿಯ ಪದ್ಧತಿ. ಹಾಳಾದದ್ದು ಮೂರನೆಯ ಸಲದ್ದು.

ವೇಣಿ ಉಣ್ಣಲಿಲ್ಲ. “ಮೊದ್ಲಿನ ಎರಡೂ ನೋಡಿ, ಮೂರನೇದ್ದು ಹಂಗ ಬರದು ಕೊಟ್ರ ಯಾರಿಗೂ ಗೊತ್ತಾಗಂಗಿಲ್ಲ ಅಜ್ಜಿ. ಶನಿವಾರನ ಊರಿಗೆ ಹೋಗಬಹುದು. ಚಿಕ್ಕಮ್ಮ ಕಾಯಾಕತ್ತಾಳ.”

“ಮತ್ತ ಬೆಳೆಸಿದ್ರ?”

“ಇನ್ನ ಎರಡು ವಾರ ಬೇಕು. ಅದೂ ಲ್ಯಾಬಿನ ಮೇಡಮ್ಮೋರು ಒಪ್ಪಿದ್ರ.”

ನನಗೆ ಶನಿವಾರ ಬೇಕಾಗಿತ್ತು. ಬರೆದುಬಿಡು ಎಂದು ಬಾಯಿಗೆ ಬಂದಿತ್ತು. ಆದರೆ ಅವಳು ನನ್ನ ಮುಖ ನೋಡದೆ ನೆಲ ನೋಡುತ್ತಿದ್ದಳು. ಗಂಟು ಬಿಚ್ಚಿ ರೊಟ್ಟಿ ಹಂಚು ಹೊರಗೆ ತೆಗೆದೆ.

“ಹಿಟ್ಟು ಸಾಲಂಗಿಲ್ಲ. ನಾಳಿ ಜ್ವಾಳ ಬೀಸಿಸಿಕೊಂಡು ಬಾ.”

ಅವಳು ಅತ್ತಳು, ಆಮೇಲೆ ಉಂಡಳು. ಮಾರನೆಯ ದಿನ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. “ಪೂಜಿ ಮಾಡಬ್ಯಾಡ ಅನ್ನಂಗಿಲ್ಲ ನಾ. ಬಾಗ್ಲ ಮುಚ್ಚೈತೋ ಇಲ್ಲೋ ನೋಡಾಕ ಏನಾಗಿತ್ತು?” ಎಂದು ಮೇಡಮ್ ಬೈದರಂತೆ. ಬೈದು, ದಿನ ಕೊಟ್ಟರು.

ಆ ಎರಡು ವಾರ ಫೋನು ಸದ್ದಾದರೆ ಪೊರಕೆ ಅಲ್ಲೇ ಬಿಟ್ಟು ಓಡುತ್ತಿದ್ದೆ. ವೇಣಿ ಎಲ್ಲರ ಮುಂದೆ ನಿಂತು ತನ್ನ ಕೆಲಸ ವಿವರಿಸುವ ದಿನ, ಅವಳು ಹೊರಟುಹೋದ ಮೇಲೆ ಸುದ್ದಿ ಬಂತು. ಮಂಜುಳಾ ಸಿರುಗುಪ್ಪದ ಆಸ್ಪತ್ರೆಯಲ್ಲಿ ಹೆತ್ತಿದ್ದಳು, ಗಂಡು ಮಗು. ಮಧ್ಯಾಹ್ನ ವೇಣಿ ಬಂದು, “ಮುಗೀತಜ್ಜಿ. ಮೂರೂ ಒಂದ ಥರ ಬಂದಾವು,” ಎಂದಳು. ಮುಖದಲ್ಲಿ ಅಂಥ ಖುಷಿಯೇನೂ ಇರಲಿಲ್ಲ. ಅಷ್ಟು ದಿನ ಬೆಳೆಸಿದ್ದನ್ನು ದೊಡ್ಡ ಕುಕ್ಕರಿನಂಥದ್ದರಲ್ಲಿ ತಾನೇ ಬೇಯಿಸಿ ಚೆಲ್ಲಿ ಬಂದಿದ್ದಳು. ಅವಳ ಅಪ್ಪ ಬಂದು ಅವಳನ್ನು ಕುರುಗೋಡಿಗೆ ಕರೆದುಕೊಂಡು ಹೋದರು. ನಾನು ಸಿರುಗುಪ್ಪದ ಬಸ್ಸು ಹತ್ತಿದೆ.

ಪುಟ್ಟಾ, ಇದನ್ನು ಓದುವಷ್ಟು ದೊಡ್ಡವನಾದಾಗ ನಿನಗೂ ತಿಳಿದಿರಲಿ. ನಿನ್ನನ್ನು ಮೊದಲು ಎತ್ತಿಕೊಂಡದ್ದು ನನ್ನ ಸೊಸೆ, ನಾನಲ್ಲ. ನಾನು ಬಂದು ನಿನ್ನನ್ನು ತೊಡೆಯ ಮೇಲೆ ಹಾಕಿಕೊಳ್ಳುವ ಹೊತ್ತಿಗೆ ಸಂಜೆಯಾಗಿತ್ತು. ಹೊರಗೆ ಯಾರದೋ ಚಪ್ಪಲಿ ಸದ್ದಾದಾಗಲೆಲ್ಲ ವೇಣಿ ಬಂದಳೇನೋ ಎಂದು ಬಾಗಿಲ ಕಡೆ ನೋಡುತ್ತಿದ್ದೆ.

“ಯವ್ವಾ, ನಾ ಇಲ್ಲೇ ಅದೀನಿ, ನಿನ್ನ ಮೊಮ್ಮಗ ಇಲ್ಲೇ ಅದಾನ,” ಎಂದಳು ನಿನ್ನಮ್ಮ. “ನೀ ಮಾತ್ರ ಇನ್ನೂ ಬಳ್ಳಾರ್ಯಾಗ ಅದಿ ನೋಡು.”