ಎರಡು ಚಮಚದ ಸೂಪಕ್ಕ

ಬೆಳಗಿನ ಐದು ಗಂಟೆ. ಅಡುಗೆಮನೆಯ ಒಂದೇ ಕಿಟಕಿ ಇನ್ನೂ ಕಪ್ಪಗಿದೆ. ಒಂದು ಒಲೆಯ ಮೇಲೆ ಮೂರೂವರೆ ಕಿಲೋ ಆಲೂಗಡ್ಡೆ ಕುದಿಯುತ್ತಿದೆ, ಪಕ್ಕದ ಒಲೆಯಲ್ಲಿ ಹೆಚ್ಚಿದ ಈರುಳ್ಳಿ ಬೆಣ್ಣೆಯಲ್ಲಿ ಮೆಲ್ಲಗೆ ಬೇಯುತ್ತಿದೆ. ಬೇಯಬೇಕು, ಕೆಂಪಾಗಬಾರದು. “ಕೆಂಪಾದ್ರೆ ಅಂಚು ಗಟ್ಟಿಯಾಗುತ್ತೆ. ಆ ಅಂಚು ಹೋಗಿ ಗಂಟಲಲ್ಲಿ ಕೂತ್ಕೊಳ್ಳುತ್ತೆ,” ಎನ್ನುತ್ತಾ ಆಕೆ ಉರಿ ಇನ್ನಷ್ಟು ಸಣ್ಣ ಮಾಡುತ್ತಾರೆ. ಐವತ್ತೆಂಟು ವರ್ಷದ ಗಿಡ್ಡ ಹೆಂಗಸು. ಬಲಭುಜ ಎಡಭುಜಕ್ಕಿಂತ ಒಂದಿಷ್ಟು ಕೆಳಗಿಳಿದಿದೆ. ದೊಡ್ಡಾಸ್ಪತ್ರೆಯ ನರರೋಗದ ವಾರ್ಡಿನಲ್ಲಿ ಎಲ್ಲರಿಗೂ ಇವರು ಸೂಪಕ್ಕ.

ಬೆಂದ ಆಲೂಗಡ್ಡೆಯನ್ನು ಅವರು ಸ್ಟೀಲಿನ ಜರಡಿಗೆ ಸುರಿದು ಮರದ ಸೌಟಿನ ಬೆನ್ನಿಂದ ಒತ್ತುತ್ತಾರೆ. ಜರಡಿಯ ಅಡಿಯಲ್ಲಿ ಹಿಟ್ಟಿನಂಥದ್ದು ಉದುರುತ್ತದೆ. ಇಷ್ಟೂ ಆಲೂಗಡ್ಡೆ ಹೀಗೆ ಇಳಿಯಲು ಮುಕ್ಕಾಲು ಗಂಟೆ ಬೇಕು. ಕಪಾಟಿನ ಮೇಲೆ ಮಿಕ್ಸಿ ಇರುವುದು ಕಂಡು ನಾನು ಬಾಯಿ ತಡೆಯಲಾರದೆ ಕೇಳಿಯೇ ಬಿಟ್ಟೆ, ಅದಕ್ಕೆ ಹಾಕಬಾರದೇ ಎಂದು. ಅವರು ಸೌಟು ನಿಲ್ಲಿಸಿ ನನ್ನನ್ನೇ ನೋಡಿದರು. “ಆಲೂಗಡ್ಡೆನ ಮಿಕ್ಸಿಗೆ ಹಾಕಿ ನೋಡಿದೀರಾ ಎಂದಾದ್ರೂ? ಗೋಂದಾಗುತ್ತೆ. ಗೋಡೆಗೆ ಪೋಸ್ಟರ್ ಅಂಟಿಸ್ಬಹುದು ಅದರಲ್ಲಿ.” ಈ ಮಾತನ್ನು ಅವರು ತಮಾಷೆಗೆ ಹೇಳಲಿಲ್ಲ ಎಂದು ನನಗೆ ಗೊತ್ತಾದದ್ದು ಆಮೇಲೆ.

ಆಲೂಗಡ್ಡೆ ಬೇಯಿಸಿದ ನೀರು, ಬೇರೆಯಾಗಿ ಕಾಸಿದ ಹಾಲು, ಮೆತ್ತಗಾದ ಈರುಳ್ಳಿಯನ್ನೂ ಜರಡಿ ಹಿಡಿದ ರಸ, ಕಡೆಯಲ್ಲಿ ಕೆನೆ. ಕಾಳುಮೆಣಸು ಇಲ್ಲ, ಕೆಮ್ಮು ಬರಿಸುತ್ತದೆ. ಸೌಟಿನಿಂದ ಎತ್ತಿ ಬಿಟ್ಟರೆ ಸೂಪು ಬಿಳಿ ರೇಷ್ಮೆಯ ಹಾಗೆ ಇಳಿಯುತ್ತದೆ. ನನಗೆ ಸರಿಯಾಗಿದೆ ಅನ್ನಿಸಿತು. ಅವರು ಇನ್ನೂ ಅರ್ಧ ಲೋಟ ಹಾಲು ಸೇರಿಸಿದರು. ಆಲೂಗಡ್ಡೆ ಸೂಪು ಆರುತ್ತಾ ಆರುತ್ತಾ ಗಟ್ಟಿಯಾಗುತ್ತದೆ. ಮನೆಯಿಂದ ವಾರ್ಡಿಗೆ ನಲವತ್ತು ನಿಮಿಷದ ನಡಿಗೆ. “ಇಲ್ಲಿ ಹರಿಯೋ ಹಾಗಿರ್ಬೇಕು, ಅಲ್ಲಿ ಜಾರೋ ಹಾಗಿರ್ಬೇಕು. ಚಳಿಗಾಲದಲ್ಲಿ ಇನ್ನೊಂದು ಗುಟುಕು ಹಾಲು ಜಾಸ್ತಿ.” ಈ ಲೆಕ್ಕ ಅವರಿಗೆ ಯಾವ ಕಾಲೇಜೂ ಕಲಿಸಿದ್ದಲ್ಲ.

ಸೂಪು ಕುಡಿಯುವವರು ಯಾರೆಂದು ಹೇಳಬೇಕು. ಪಾರ್ಶ್ವವಾಯು ಹೊಡೆದ ಕೆಲವರಿಗೆ ಕೈಕಾಲಿನ ಜೊತೆ ಗಂಟಲೂ ಕೆಲಸ ಮರೆಯುತ್ತದೆ. ಅವರಿಗೆ ನೀರು ಕುಡಿಸಿದರೆ ಹೊಟ್ಟೆಗೆ ಹೋಗಬೇಕಾದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಗಟ್ಟಿ ತಿನ್ನಿಸಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ಇವೆರಡರ ನಡುವೆ ಜಾರಿಹೋಗುವಂಥದ್ದು ಏನಾದರೂ ಬೇಕು. ಆ ನಡುವಿನದನ್ನು ಈ ಹೆಂಗಸು ಹನ್ನೊಂದು ವರ್ಷದಿಂದ ತನ್ನ ಅಡುಗೆಮನೆಯಲ್ಲಿ ಮಾಡುತ್ತಿದ್ದಾರೆ.

ಇವರು ಅದೇ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿದ್ದವರು. ಗಂಡ ಬಸ್ ಡ್ರೈವರ್. ಹನ್ನೊಂದು ವರ್ಷದ ಹಿಂದೆ ಡಿಪೋದಲ್ಲಿ ಬಸ್ ನಿಲ್ಲಿಸಿ ಕೆಳಗಿಳಿಯುವಾಗ ಕುಸಿದು ಬಿದ್ದರು. ಬಲಭಾಗ ಹೋಯಿತು, ಮಾತು ಹೋಯಿತು, ನುಂಗುವುದೂ ಹೋಯಿತು. “ನೀರು ಕೊಟ್ರೆ ಕಣ್ಣು ಮೇಲೆ ಮಾಡ್ತಿದ್ರು. ನನ್ನ ಜೀವ ಬಾಯಿಗೆ ಬರ್ತಿತ್ತು. ಆಗ ಆಲೂಗಡ್ಡೆ ಹಿಡಿದೆ. ಸೂಪು ಹದಕ್ಕೆ ಬರೋಕೆ ಎಂಟು ತಿಂಗಳು ಬೇಕಾಯ್ತು ನೋಡಮ್ಮ.” ಡ್ರೈವರ್ ಎಡಗೈಯಲ್ಲಿ ತೀರ್ಪು ಕೊಡುತ್ತಿದ್ದರಂತೆ. ಒಂದು ಬೆರಳು ಎತ್ತಿದರೆ ನೀರಾಗಿದೆ, ಎರಡು ಎತ್ತಿದರೆ ಗಟ್ಟಿಯಾಗಿದೆ, ಅಂಗೈ ಮಗುಚಿದರೆ ಸರಿ ಇದೆ.

ಎರಡು ಚಮಚದ ಗುಟ್ಟು ಸಿಕ್ಕಿದ್ದೂ ಆಗಲೇ. ಬಟ್ಟಲಿನ ಮೊದಲರ್ಧ ಸಲೀಸಾಗಿ ಇಳಿಯುತ್ತಿತ್ತು, ಕೊನೆಯರ್ಧಕ್ಕೆ ಕೆಮ್ಮು. ಸೂಪು ಒಂದೇ, ಬಟ್ಟಲು ಒಂದೇ. ತಿಂಗಳುಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಮೇಲೆ ಹೊಳೆಯಿತು: ಬಾಯಿಗೆ ಹೋದ ಚಮಚ ಮತ್ತೆ ಬಟ್ಟಲಿಗೆ ಬರುತ್ತದೆ, ಅದರ ಜೊತೆ ಜೊಲ್ಲೂ ಬರುತ್ತದೆ, ಜೊಲ್ಲು ತಾಗಿದ ಆಲೂಗಡ್ಡೆ ನೀರಾಗುತ್ತದೆ. ಅಂದಿನಿಂದ ಒಂದು ಚಮಚ ಬಟ್ಟಲಿಗೆ, ಇನ್ನೊಂದು ಬಾಯಿಗೆ. ಮೊದಲನೆಯದು ಎರಡನೆಯದಕ್ಕೆ ಸುರಿಯುತ್ತದೆ, ಅಷ್ಟೇ. “ನೋಡಿದವರೆಲ್ಲ ನನಗೆ ಶುಚಿಯ ಹುಚ್ಚು ಅಂತ ನಗ್ತಿದ್ರು. ನಗಲಿ ಅಂತ ಬಿಟ್ಟೆ.”

ಗಂಡನಿಗೆ ಒಯ್ದದ್ದು ಪಕ್ಕದ ಹಾಸಿಗೆಗೂ ಹೋಯಿತು, ಅದರ ಪಕ್ಕದ್ದಕ್ಕೂ ಹೋಯಿತು. ಡ್ರೈವರ್ ಮನೆಗೆ ಬಂದ ಮೇಲೂ ಸೂಪು ವಾರ್ಡಿಗೆ ಹೋಗುವುದು ನಿಲ್ಲಲಿಲ್ಲ. ದಿನಕ್ಕೆ ಹದಿನಾಲ್ಕು ಬಟ್ಟಲು. ಆಲೂಗಡ್ಡೆ, ಹಾಲು ರೋಗಿಗಳ ಮನೆಯವರೇ ತಂದುಕೊಡುತ್ತಾರೆ. ದುಡಿಮೆ ಇವರದು. ಬೆಳಗ್ಗೆ ಏಳಕ್ಕೆ ವಾರ್ಡು ತಲುಪಿ, ಹದಿನಾಲ್ಕು ಬಾಯಿಗೆ ಎರಡು ಚಮಚದಲ್ಲಿ ಉಣಿಸಿ, ಆಮೇಲೆ ತನ್ನ ಕಸಬರಿಗೆ ಹಿಡಿಯುವುದು. ಮೂರು ವರ್ಷದ ಹಿಂದೆ ನಿವೃತ್ತಿಯಾದಾಗ ಕಸಬರಿಗೆ ಕೆಳಗಿಟ್ಟರು, ಚಮಚ ಬಿಡಲಿಲ್ಲ.

ಇನ್ನು ಪುಸ್ತಿಕೆಯ ಕಥೆ. ಎರಡು ವರ್ಷದ ಹಿಂದೆ ಆಸ್ಪತ್ರೆಯ ಆಹಾರತಜ್ಞೆ ಇದೇ ಅಡುಗೆಮನೆಯಲ್ಲಿ, ಈಗ ನಾನು ಕೂತಿರುವ ಸ್ಟೂಲಿನ ಮೇಲೆ, ಮೂರು ಬೆಳಗು ಕೂತು ನೋಟ್‌ಬುಕ್ ತುಂಬಿಸಿಕೊಂಡು ಹೋದರು. ಆರು ತಿಂಗಳ ಮೇಲೆ ಮಿರಿಮಿರಿ ಕಾಗದದ ಪುಸ್ತಿಕೆ ಹೊರಬಂತು, ನುಂಗಲಾಗದವರ ಆಹಾರದ ಬಗ್ಗೆ. ಅದರಲ್ಲಿ ಆಲೂಗಡ್ಡೆ ಸೂಪು ‘ನಮ್ಮ ತಂಡದ ಎರಡು ವರ್ಷದ ಸಂಶೋಧನೆಯ ಫಲ’. ಸೂಪಕ್ಕನ ಹೆಸರು ಎಲ್ಲೂ ಇಲ್ಲ. ಒಂಬತ್ತನೇ ಪುಟದ ಚಿತ್ರದಲ್ಲಿ ಪಾತ್ರೆ ಹಿಡಿದ ಒಂದು ಕೈ ಇದೆ, ಅದು ಅವರದು. ಬಿಡುಗಡೆಯ ದಿನ ದೊಡ್ಡವರೆಲ್ಲ ವೇದಿಕೆಯ ಮೇಲೆ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಆ ಸುದ್ದಿಯನ್ನು ಇದೇ ಪತ್ರಿಕೆಗೆ ಬರೆದವಳು ನಾನು. ‘ತಂಡದ ಅಪೂರ್ವ ಸಾಧನೆ’ ಎಂಬ ತಲೆಬರಹವೂ ನನ್ನದೇ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಸೂಪು ಕದ್ದದ್ದು ಹೋಗಲಿ, ಸರಿಯಾಗಿಯಾದರೂ ಕದ್ದರೇ? ಪುಸ್ತಿಕೆಯಲ್ಲಿ ಜರಡಿ ಇಲ್ಲ. ‘ಬೆಂದ ಆಲೂಗಡ್ಡೆಯನ್ನು ಮಿಕ್ಸಿಯಲ್ಲಿ ಮೂರು ನಿಮಿಷ ನುಣ್ಣಗೆ ರುಬ್ಬಿ’ ಎಂದಿದೆ. ಆಹಾರತಜ್ಞೆಗೆ ಫೋನ್ ಮಾಡಿದೆ. ಅವರು ಹೇಳಿದರು: “ನಾನು ಜರಡಿ ಅಂತಲೇ ಬರೆದಿದ್ದೆ ಮೇಡಂ. ಕೈ ತಾಗೋ ಕೆಲಸ, ಸ್ವಚ್ಛತೆಗೆ ಒಪ್ಪಲ್ಲ ಅಂತ ಸಮಿತಿಯವರು ಮಿಕ್ಸಿ ಮಾಡಿದ್ರು. ಎರಡು ಚಮಚದ ವಿಷಯವೂ ಇತ್ತು. ಪುಟದಲ್ಲಿ ಜಾಗ ಸಾಲಲಿಲ್ಲ.” ಆ ಪುಟ ತೆರೆದು ನೋಡಿದೆ. ಅರ್ಧ ಪುಟ ಆಸ್ಪತ್ರೆಯ ಮುಖ್ಯಸ್ಥರ ಭಾವಚಿತ್ರವಿದೆ.

ಸಮಿತಿಯಲ್ಲಿ ಏಳು ಜನ. ಆ ಏಳರಲ್ಲಿ ಒಬ್ಬರಾದರೂ ಮನೆಯಲ್ಲಿ ಒಂದು ದಿನ ಒಂದು ಆಲೂಗಡ್ಡೆ ಬೇಯಿಸಿ ಮಿಕ್ಸಿಗೆ ಹಾಕಿ ನೋಡಿದ್ದರೆ ಸಾಕಿತ್ತು.

ಆರು ವಾರದ ಹಿಂದೆ ಗೇಟಿನಲ್ಲಿ ಬೋರ್ಡು ಬಂತು: ಹೊರಗಿನ ಆಹಾರ ನಿಷೇಧ. ಒಳಗೇ ‘ಸಂಶೋಧಿತ’ ಸೂಪು ತಯಾರಾಗುವಾಗ ಹೊರಗಿನದು ಯಾಕೆ ಎಂಬ ವಾದ. ಅಂದಿನಿಂದ ಸೂಪಕ್ಕ ಗೇಟಿನ ಹೊರಗೆ, ಪಾರ್ಕಿಂಗ್ ಕಟ್ಟೆಯ ಮೇಲೆ ಫ್ಲಾಸ್ಕು ಇಟ್ಟುಕೊಂಡು ಕೂರುತ್ತಾರೆ. ಧೈರ್ಯವಿರುವ ಮನೆಯವರು ಬಂದು ನೀರಿನ ಬಾಟಲಿಯಲ್ಲಿ ತುಂಬಿಸಿಕೊಂಡು ಕಳ್ಳರ ಹಾಗೆ ಒಳಗೆ ಒಯ್ಯುತ್ತಾರೆ. ಒಂದು ದಿನ ಆರು ಜನ, ಇನ್ನೊಂದು ದಿನ ಒಂಬತ್ತು. ಆದರೂ ಹದಿನಾಲ್ಕು ಬಟ್ಟಲು ಮಾಡುವುದನ್ನು ಇವರು ಬಿಟ್ಟಿಲ್ಲ. ಉಳಿದದ್ದು ಇವರದೇ ಎರಡು ಹೊತ್ತಿನ ಊಟ. “ಯಾರು ಬರ್ತಾರೋ ಯಾರು ಬಿಡ್ತಾರೋ. ಬಂದವರಿಗೆ ಇಲ್ಲ ಅನ್ನೋಕಾಗುತ್ತಾ?”

ಗೇಟಿನ ಕಾವಲುಗಾರ ಇವರ ಚೀಲವನ್ನು ತಳದವರೆಗೆ ತಡಕಿ ನೋಡುತ್ತಾನೆ. ಅವನ ತಂದೆ ಇದೇ ವಾರ್ಡಿನಲ್ಲಿ ನಾಲ್ಕು ತಿಂಗಳು ಇವರ ಕೈಯಿಂದಲೇ ಸೂಪು ಕುಡಿದವರು. “ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಮೇಲೆ ಕ್ಯಾಮೆರಾ ಇದೆ. ಅವನಿಗೂ ಹೆಂಡ್ತಿ ಮಕ್ಕಳಿದಾರೆ,” ಎನ್ನುತ್ತಾರೆ ಸೂಪಕ್ಕ. ನನಗೆ ಸಿಟ್ಟಿದೆ. ಅದನ್ನು ಯಾರ ಮೇಲೆ ಹಾಕಬೇಕೋ ತಿಳಿಯುತ್ತಿಲ್ಲ.

ಬೋರ್ಡು ಬಂದ ಮರುವಾರವೇ ಡ್ರೈವರ್ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಅದೇ ಆಸ್ಪತ್ರೆಗೆ ಸೇರಿಸಬೇಕಾಯಿತು. ನುಂಗುವ ತೊಂದರೆ ಇರುವವರೆಂದು ಅದೇ ವಾರ್ಡು. ಮೊದಲ ಎರಡು ದಿನ ಪಕ್ಕದ ಹಾಸಿಗೆಯವರ ಹೆಂಡತಿ ಬಾಟಲಿಯಲ್ಲಿ ಸೂಪು ಒಯ್ದು ಕುಡಿಸಿದರು. ಮೂರನೇ ದಿನ ಆಕೆ ಗೇಟಿಗೆ ಬರುವುದು ತಡವಾಯಿತು. ಅಷ್ಟರಲ್ಲಿ ಆಸ್ಪತ್ರೆಯ ಅಡುಗೆಮನೆಯಿಂದ ಗಾಡಿ ಬಂತು. ಹೊಸ ಆಯಾ ಪುಸ್ತಿಕೆಯ ಸೂಪನ್ನು ಒಂದೇ ಚಮಚದಲ್ಲಿ, ಗಡಿಬಿಡಿಯಲ್ಲಿ ಉಣಿಸಿದಳು. ಸೂಪಕ್ಕ ಭೇಟಿಯ ಸಮಯಕ್ಕೆ, ಹತ್ತು ಗಂಟೆಗೆ, ನೋಡಲು ಹೋದಾಗ ಡ್ರೈವರ್ ತೀವ್ರ ನಿಗಾ ಘಟಕದಲ್ಲಿದ್ದರು. ಶ್ವಾಸಕೋಶಕ್ಕೆ ಆಲೂಗಡ್ಡೆ ಹೋಗಿತ್ತು, ಆಮೇಲೆ ಸೋಂಕೂ ಆಯಿತು.

ಈಗ ಅವರು ವಾರ್ಡಿಗೆ ಮರಳಿದ್ದಾರೆ. ಮೂಗಿನಲ್ಲಿ ಕೊಳವೆ ಇದೆ. ಇವತ್ತು ಹನ್ನೊಂದು ಗಂಟೆಗೆ ನುಂಗುವ ಪರೀಕ್ಷೆ. ಪಾಸಾದರೆ ಕೊಳವೆ ತೆಗೆದು ಮನೆಗೆ ಕಳಿಸುತ್ತಾರೆ. ಇಲ್ಲದಿದ್ದರೆ ಹೊಟ್ಟೆಗೆ ತೂತು ಕೊರೆದು ಕಾಯಂ ಕೊಳವೆ. ಆಮೇಲೆ ಬಾಯಿಗೆ ಏನೂ ಇಲ್ಲ, ಜೀವ ಇರುವವರೆಗೂ.

ಪರೀಕ್ಷೆಗೆ ನಾನೂ ಜೊತೆಗೆ ಹೋಗುತ್ತೇನೆ. ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು, ಅವಸರದಲ್ಲಿದ್ದಾರೆ. ಡ್ರೈವರ್ ಹೆಂಡತಿಯ ಸೆರಗನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಾರೆ.

“ಡಾಕ್ಟ್ರೇ, ಪರೀಕ್ಷೆಗೆ ನನ್ನ ಸೂಪು ಕೊಡಿ. ಗೇಟಲ್ಲಿ ಇಟ್ಟು ಬಂದಿದೀನಿ. ಯಾರನ್ನಾದ್ರೂ ಕಳಿಸಿದ್ರೆ ಐದು ನಿಮಿಷ ಸಾಕು.”

“ಅದಕ್ಕೆ ಪರ್ಮಿಷನ್ ಇಲ್ಲಮ್ಮ. ಕಿಚನ್‌ದೇ ಕೊಡ್ಬೇಕು.”

ಕಿಚನ್ನಿನದು ಬರುತ್ತದೆ. ಸೂಪಕ್ಕ ಚಮಚದಲ್ಲಿ ಎತ್ತಿ ವಾಲಿಸುತ್ತಾರೆ. ಬೀಳುವುದಿಲ್ಲ, ಎಳೆ ಎಳೆಯಾಗಿ ಜೋತುಬೀಳುತ್ತದೆ. ಅವರು ಬಟ್ಟಲನ್ನು ಡಾಕ್ಟರ ಕಡೆ ಹಿಡಿದು, “ಇದು ಅಂಟು ಡಾಕ್ಟ್ರೇ,” ಎನ್ನುತ್ತಾರೆ.

ಡಾಕ್ಟರು ನಗುತ್ತಾರೆ, ಧೈರ್ಯ ಹೇಳುವ ನಗು. “ಇದು ನಿಮ್ಮದೇ ಸೂಪಂತಲ್ಲಮ್ಮ? ಸ್ಟಾಫ್ ಎಲ್ಲಾ ಹೇಳ್ತಾರೆ, ಇದನ್ನ ಕಂಡುಹಿಡಿದದ್ದೇ ಸೂಪಕ್ಕ ಅಂತ. ನಿಮ್ಮ ಸೂಪಿಗೆ ನೀವೇ ಹೆದರಿದ್ರೆ ಹೇಗೆ?”

ಎರಡು ವರ್ಷದಲ್ಲಿ ಆ ಕಟ್ಟಡದೊಳಗೆ ಅಧಿಕಾರವಿರುವ ಒಬ್ಬರು ಈ ಮಾತನ್ನು ಅವರ ಮುಖಕ್ಕೆ ಹೇಳಿದ್ದು ಇದೇ ಮೊದಲು. ಸೂಪಕ್ಕ ಹಿಡಿದಿದ್ದ ಬಟ್ಟಲನ್ನು ಡಾಕ್ಟರ ಕೈಗೆ ಕೊಟ್ಟುಬಿಡುತ್ತಾರೆ.

ಮೊದಲ ಚಮಚ. ಡ್ರೈವರ್ ಸೆರಗು ಬಿಟ್ಟು ಎರಡು ಬೆರಳು ಎತ್ತುತ್ತಾರೆ. “ಗಟ್ಟಿ ಅಂತಿದಾರೆ, ಡಾಕ್ಟ್ರೇ, ಗಟ್ಟಿಯಾಗಿದೆ ಅಂತಿದಾರೆ.” “ಪರೀಕ್ಷೆ ಮಧ್ಯೆ ಮಾತಾಡ್ಬೇಡಿ ಅಮ್ಮ, ಪ್ಲೀಸ್.” ಎರಡನೇ ಚಮಚಕ್ಕೂ ಬೆರಳು ಎರಡೇ. ಮೂರನೆಯದಕ್ಕೆ ಕೈ ಏಳುವುದಿಲ್ಲ. ಮುಖ ಕಪ್ಪಿಡುತ್ತದೆ, ಕೆಮ್ಮಲೂ ಆಗದಂಥ ಒಂದು ಸದ್ದು ಬರುತ್ತದೆ, ನರ್ಸು ಓಡಿಬಂದು ಗಂಟಲಿಗೆ ಯಂತ್ರದ ಕೊಳವೆ ಹಾಕಿ ಸೂಪನ್ನು ಹೀರಿ ತೆಗೆಯುತ್ತಾಳೆ. ಸೂಪಕ್ಕ ಗಂಡನ ತಲೆಯನ್ನು ಎದೆಗೊತ್ತಿ ಹಿಡಿದುಕೊಂಡಿದ್ದಾರೆ. ಡಾಕ್ಟರು ಬರೆಯುತ್ತಾರೆ: ಬಾಯಿಯ ಮೂಲಕ ಆಹಾರ ಸುರಕ್ಷಿತವಲ್ಲ. ಮಂಗಳವಾರ ಹೊಟ್ಟೆಗೆ ಕೊಳವೆ.

ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಸೂಪಕ್ಕ ಕೇಳಿ ನೋಡಿದರು. ಹೋಗಬಹುದು, ಎಲ್ಲ ಹೊಣೆಯೂ ನಿಮ್ಮದೆಂದು ಸಹಿ ಹಾಕಿ ಎಂದರು ಡಾಕ್ಟರು. ಶ್ವಾಸಕೋಶ ಸೋತಿದೆ, ಇನ್ನೊಂದು ಸಲ ಹೀಗಾದರೆ ಉಳಿಯುವುದಿಲ್ಲ ಎಂದೂ ಹೇಳಿದರು. ಸೂಪಕ್ಕ ಎರಡು ಕಾಗದವನ್ನೂ ಮುಂದಿಟ್ಟುಕೊಂಡು ಕೂತರು. ಮೊದಲಾಗಿದ್ದರೆ ಕಣ್ಣು ಮುಚ್ಚಿ ಮನೆಗೆ ಕರೆದೊಯ್ಯುತ್ತಿದ್ದೆ ಎಂದರು. ಕೊನೆಗೆ ಸಹಿ ಹಾಕಿದ್ದು ಕೊಳವೆಯ ಕಾಗದಕ್ಕೆ.

ಮನೆಯಲ್ಲಿ ಆಲೂಗಡ್ಡೆ ಸೂಪು ಮಾಡುವ ಬಗೆ ಎಂದು ಈ ಲೇಖನದ ಪಕ್ಕ ಒಂದು ಚೌಕ ಹಾಕಬೇಕೆಂದು ನಮ್ಮ ಸಂಪಾದಕರು ಹೇಳಿದ್ದರು. ಚಳಿಗಾಲಕ್ಕೆ ಹಿತವಾಗಿರುತ್ತದೆ, ಓದುಗರಿಗೆ ಇಷ್ಟವಾಗುತ್ತದೆ. ಅದನ್ನು ಬರೆದುಕೊಡಲು ನನ್ನಿಂದಾಗಲಿಲ್ಲ.

ಗೇಟಿನ ಹೊರಗೆ ಐದು ಜನ ಕಾಯುತ್ತಿದ್ದಾರೆ. ಸೂಪಕ್ಕ ಮುಖ ಒರೆಸಿಕೊಂಡು ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಾರೆ. ಹೊಸದಾಗಿ ಬಂದ ಒಬ್ಬ ಹೆಣ್ಣುಮಗಳಿಗೆ, ತಾಯಿಗೆ ಹೇಗೆ ಉಣಿಸಬೇಕೆಂದು ತೋರಿಸುತ್ತಾರೆ. ಗದ್ದ ತಗ್ಗಿಸಿ, ಒಂದು ಗುಟುಕು ಇಳಿದದ್ದು ಕಂಡ ಮೇಲೆ ಇನ್ನೊಂದು. ಎಲ್ಲರೂ ಹೋದ ಮೇಲೆ ನಾನು ಕೇಳುತ್ತೇನೆ, ಈ ಸಲವಾದರೂ ನಿಮ್ಮ ಹೆಸರು ದೊಡ್ಡ ಅಕ್ಷರದಲ್ಲಿ ಹಾಕುತ್ತೇನೆ, ನಿಮ್ಮ ಸೂಪನ್ನು ಅವರು ಎತ್ತಿಕೊಂಡು ಹೋದದ್ದನ್ನು ಬರೆಯುತ್ತೇನೆ, ಆಗಬಹುದಾ ಅಕ್ಕಾ?

ಅವರು ತಲೆ ಅಲ್ಲಾಡಿಸುತ್ತಾರೆ. “ನನ್ನ ಹೆಸರು ಹಾಕ್ಬೇಡಿ. ಅದು ನನ್ನದು ಅಂತಲೂ ಬರೀಬೇಡಿ. ಹನ್ನೊಂದು ವರ್ಷ ಎಷ್ಟೋ ಜನ ನನ್ನ ಕೈಯಲ್ಲಿ ಕುಡಿದಿದಾರೆ, ಒಬ್ಬರ ಉಸಿರೂ ಕಟ್ಟಿಲ್ಲ. ಆ ಪುಸ್ತಕದಲ್ಲಿರೋದು ನನ್ನ ಸೂಪಲ್ಲ ಅಂತ ಬರೀರಿ. ಅಷ್ಟೇ ಬರೀರಿ, ಸಾಕು.”